ಶೆಡ್ಡಿನೊಳಗೊಂದು ಬಿಲ

ಬ್ರಿಟನ್ನಿನಲ್ಲಿ ಮನೆಯ ಹಿಂದೆ ಒಂದಿಷ್ಟು ಹಿತ್ತಿಲಿದ್ದರೆ ಅಲ್ಲೊಂದು ಮರದ ಶೆಡ್ಡು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹುಲ್ಲು ಕತ್ತರಿಸುವ ಯಂತ್ರ, ಕೆಟ್ಟ ಸೈಕಲ್ಲು, ಅರ್ಧ ಖಾಲಿಯಾದ ಬಣ್ಣದ ಡಬ್ಬ, ಎಲ್ಲ ಅದರೊಳಗೆ. ಇವನ್ನೆಲ್ಲ ಹೊರಹಾಕಿ ಶೆಡ್ಡನ್ನು ಸಾಕುಮೊಲಗಳಿಗೆ ಬಿಟ್ಟುಕೊಡುವವರೂ ಅಲ್ಲಿದ್ದಾರೆ. ‘ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಅಂಡ್ ಫಂಡ್’ ಎಂಬ ಅಲ್ಲಿನ ಸಂಸ್ಥೆ ‘ಗೂಡೊಂದೇ ಸಾಲದು’ ಎಂಬರ್ಥದ ಅಭಿಯಾನವನ್ನೇ ನಡೆಸುತ್ತಿದೆ. ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು, ಅದೂ ದಿನದ 24 ಗಂಟೆಯೂ ತೆರೆದಿರಬೇಕು ಎನ್ನುವುದು ಅದರ ಲೆಕ್ಕ. ಅಂಗಡಿಯಲ್ಲಿ ಸಿಗುವ ನಾಲ್ಕಡಿಯ ಮರದ ಗೂಡು ಇದರ ಹತ್ತಿರಕ್ಕೂ ಬರುವುದಿಲ್ಲ.

ಆ ಗೂಡು ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. ವಿಕ್ಟೋರಿಯಾ ಕಾಲದ ಬಡವರು, ಆಮೇಲೆ ಎರಡನೇ ಮಹಾಯುದ್ಧದ ರೇಷನ್ ದಿನಗಳಲ್ಲಿ ಮಧ್ಯಮ ವರ್ಗದವರು ಕೂಡ ಹಿತ್ತಿಲಲ್ಲಿ ಮೊಲ ಸಾಕಿದ್ದು ಮಾಂಸಕ್ಕಾಗಿ. ಕೆಲವೇ ತಿಂಗಳು ಬದುಕುವ ಪ್ರಾಣಿಗೆ ಆ ಪೆಟ್ಟಿಗೆ ಸಾಕು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಮೊಲ ಮಕ್ಕಳ ಮುದ್ದಿನ ಜೀವವಾಗಿ ಬಡ್ತಿ ಪಡೆಯಿತು. ಮನೆ ಮಾತ್ರ ಹಳೆಯದೇ ಉಳಿಯಿತು. ಚೆನ್ನಾಗಿ ನೋಡಿಕೊಂಡರೆ ಸಾಕುಮೊಲ ಎಂಟು-ಹತ್ತು ವರ್ಷ ಬಾಳುತ್ತದೆ. ಅಷ್ಟು ವರ್ಷ ನಾಲ್ಕಡಿಯಲ್ಲಿ!

ಸಾಕುಮೊಲದ ಪೂರ್ವಜ ಸ್ಪೇನ್-ಪೋರ್ಚುಗಲ್ ಕಡೆಯ ಕಾಡುಮೊಲ. ಓಡಿ ತಪ್ಪಿಸಿಕೊಳ್ಳಲೆಂದೇ ಅದರ ಮೈಕಟ್ಟು ರೂಪುಗೊಂಡಿದೆ. ಹಿಂಗಾಲಿನ ಸ್ನಾಯುಗಳು ದಪ್ಪ, ಮೂಳೆ ಮಾತ್ರ ತೀರ ಹಗುರ: ಬೆಕ್ಕಿನ ಅಸ್ಥಿಪಂಜರ ದೇಹತೂಕದ ನೂರಕ್ಕೆ 12-13ರಷ್ಟಿದ್ದರೆ ಮೊಲದ್ದು 7-8 ಅಷ್ಟೇ. ಹೆದರಿ ಜೋರಾಗಿ ಒದ್ದುಕೊಂಡ ಮೊಲ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವುದುಂಟು. ಓಡಾಟವಿಲ್ಲದೆ ಕೂತ ಮೊಲದಲ್ಲಿ ಈ ಮೂಳೆಗಳು ಇನ್ನಷ್ಟು ಸವೆಯುತ್ತವೆ. ಆದ್ದರಿಂದ ಅದಕ್ಕೆ ಬೇಕಾದದ್ದು ನಾಲ್ಕು ಹೆಜ್ಜೆ ಓಡಿ ನೆಗೆಯುವಷ್ಟು ಉದ್ದ, ಹಿಂಗಾಲ ಮೇಲೆ ನೆಟ್ಟಗೆ ನಿಲ್ಲುವಷ್ಟು ಎತ್ತರ.

ಶೆಡ್ಡಿನಲ್ಲಿ ಎತ್ತರಕ್ಕೇನೂ ಬರವಿಲ್ಲ. ನೆಲ ಸಾಲದು. ಎಂಟಡಿ-ಆರಡಿಯ ಮಾಮೂಲಿ ಶೆಡ್ಡಿನ ವಿಸ್ತೀರ್ಣ ಸುಮಾರು ನಾಲ್ಕೂವರೆ ಚದರ ಮೀಟರ್, ಬೇಕಾದದ್ದು ಆರು. ಅಟ್ಟ ಕಟ್ಟಿದರೆ ಮೊಲ ಖುಷಿಯಿಂದ ಹತ್ತಿ ಕೂರುತ್ತದೆ, ಆದರೆ ಅಟ್ಟದ ಮೇಲೆ ಓಡಲಾಗುವುದಿಲ್ಲ. ಹೀಗಾಗಿ ಶೆಡ್ಡಿನ ಗೋಡೆಗೆ ಬುಡದಲ್ಲಿ ತೂತು ಕೊರೆದು, ಎಂಟು-ಹತ್ತು ಅಂಗುಲ ಅಗಲದ ಪೈಪನ್ನು ಜೋಡಿಸಿ, ಹೊರಗೆ ಜಾಲರಿ ಕಟ್ಟಿದ ಅಂಗಳಕ್ಕೆ ದಾರಿ ಮಾಡುತ್ತಾರೆ. ಬಿಲದ ಸುರಂಗದಂತಿರುವ ಈ ಪೈಪಿಗೆ ಮೊಲಗಳು ಬೇಗ ಒಗ್ಗಿಕೊಳ್ಳುತ್ತವೆ. ಈ ದಾರಿಯನ್ನು ಸಂಜೆಯಾದೊಡನೆ ಮುಚ್ಚುವುದು ಬಹಳ ಜನರ ಅಭ್ಯಾಸ. ಆದರೆ ಮೊಲ ಚುರುಕಾಗುವುದೇ ಮುಸ್ಸಂಜೆಗೆ ಮತ್ತು ನಸುಕಿಗೆ. ನಡುಹಗಲು ಅದು ಮಲಗುವ ಹೊತ್ತು. ನಮ್ಮ ಗಡಿಯಾರ ನೋಡಿ ಬಾಗಿಲು ಹಾಕಿದರೆ ಅದು ಎದ್ದಿರುವ ಹೊತ್ತಿಗೇ ಸೆರೆಯಾಯಿತು. ಪೈಪು ರಾತ್ರಿಯೂ ತೆರೆದಿರಬೇಕೆಂದರೆ ಹೊರಗಿನ ಅಂಗಳವೂ ಶೆಡ್ಡಿನಷ್ಟೇ ಭದ್ರವಾಗಿರಬೇಕು.

ಇನ್ನು ಒಳಗೆ. ಶೆಡ್ಡಿನಲ್ಲಿ ಹಿಂದೆ ಇಲಿಪಾಷಾಣವೋ ಬಸವನಹುಳು ಕೊಲ್ಲುವ ಗುಳಿಗೆಯೋ ಇದ್ದಿದ್ದರೆ ಹಲಗೆಯ ಸಂದುಸಂದನ್ನೂ ಗುಡಿಸಿ ತೊಳೆಯಬೇಕು, ಸಿಕ್ಕಿದ್ದನ್ನು ಕಚ್ಚಿ ನೋಡದ ಮೊಲವಿಲ್ಲ. ಆಮೇಲೆ ನೆಲ. ಮೊಲದ ಮೂತ್ರ ಸುಣ್ಣ ಕಲಸಿದ ನೀರಿನಂತೆ ಮಬ್ಬಾಗಿರುವುದನ್ನು ಸಾಕಿದವರು ಬಲ್ಲರು. ಅದು ನಿಜವಾಗಿಯೂ ಸುಣ್ಣದಂಶವೇ. ಹೆಚ್ಚಿನ ಸಸ್ತನಿಗಳು ತಮಗೆ ಬೇಕಾದಷ್ಟೇ ಕ್ಯಾಲ್ಸಿಯಂ ಅನ್ನು ಕರುಳಿನಲ್ಲಿ ಹೀರಿಕೊಳ್ಳುತ್ತವೆ. ಮೊಲ ಸಿಕ್ಕಿದ್ದರಲ್ಲಿ ಬಹುಪಾಲನ್ನು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರಪಿಂಡದ ಮೂಲಕ ಹೊರಹಾಕುತ್ತದೆ. ಬರಿಯ ಹಲಗೆ ಈ ಮೂತ್ರವನ್ನು ಕುಡಿದುಬಿಟ್ಟರೆ ಎಷ್ಟು ತಿಕ್ಕಿದರೂ ವಾಸನೆ ಹೋಗದು. ಹಾಗಾಗಿ ಮೊದಲೇ ವಿನೈಲ್ ಹಾಸಿ, ಅದರ ಅಂಚನ್ನು ಗೋಡೆಗೆ ಮರದ ಪಟ್ಟಿ ಹೊಡೆದು ಮುಚ್ಚುತ್ತಾರೆ. ಬಿಟ್ಟರೆ ಮೊಲ ವಿನೈಲನ್ನು ಅಂಚಿನಿಂದ ಶುರುಮಾಡಿ ತಿಂದು ಮುಗಿಸುತ್ತದೆ.

ಮೂತ್ರ ಕೊಳೆತಾಗ ಬರುವ ಅಮೋನಿಯಾವೇ ಮುಚ್ಚಿದ ಶೆಡ್ಡಿನ ದೊಡ್ಡ ಶತ್ರು. ಮೊಲ ಉಸಿರಾಡುವುದು ಮೂಗಿನಿಂದ, ನಮ್ಮ ಹಾಗೆ ಬಾಯಿಗೆ ಬದಲಾಯಿಸಿಕೊಳ್ಳುವುದು ಅದಕ್ಕೆ ಸುಲಭವಲ್ಲ. ಬಾಯಿ ತೆರೆದು ಉಸಿರಾಡುವ ಮೊಲ ಅಪಾಯದಲ್ಲಿದೆ ಎಂದೇ ಅರ್ಥ. ಅಮೋನಿಯಾ ಮೂಗಿನ ಒಳಪದರವನ್ನು ಕೆರಳಿಸಿದಾಗ ಪಾಸ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ದಾರಿ ಸಲೀಸಾಗುತ್ತದೆ. ಚಳಿಗೆ ಹೆದರಿ ಶೆಡ್ಡಿನ ಸಂದುಗಳನ್ನೆಲ್ಲ ಬಿಗಿಯಾಗಿ ಮುಚ್ಚುವುದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ. ಸೂರಿನ ಕೆಳಗೆ ಎದುರುಬದುರು ಗೋಡೆಗಳಲ್ಲಿ ಜಾಲರಿ ಹಾಕಿದ ಗವಾಕ್ಷಿಗಳಿದ್ದರೆ ಗಾಳಿ ಮೇಲಿಂದ ಆಡುತ್ತದೆ, ಮಲಗುವ ಮೂಲೆಗೆ ಬೀಸುವುದಿಲ್ಲ. ಸಾಕಷ್ಟಾಯಿತೇ ಎಂದು ತಿಳಿಯಲು ಯಂತ್ರ ಬೇಡ: ಬೆಳಗ್ಗೆ ಮೊದಲ ಸಲ ಒಳಹೋದಾಗ ಮಂಡಿಯೂರಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಮೂಗಿಟ್ಟು ನೋಡಿದರಾಯಿತು. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಗೊತ್ತಾಗುತ್ತದೆ.

ಶೌಚಕ್ಕೆ ಮೊಲ ತಾನೇ ಒಂದು ಮೂಲೆ ಆರಿಸಿಕೊಳ್ಳುತ್ತದೆ. ಕಾಡಿನಲ್ಲೂ ಅಷ್ಟೆ, ಹಿಕ್ಕೆಯ ಗುಡ್ಡೆಯೇ ಗುಂಪಿನ ಗಡಿಗುರುತು. ಆ ಮೂಲೆಯಲ್ಲೊಂದು ಅಗಲವಾದ ತಟ್ಟೆ ಇಟ್ಟು, ಅದರ ಪಕ್ಕಕ್ಕೇ ಒಣಹುಲ್ಲಿನ ಜಾಲರಿ ತೂಗುಹಾಕುವುದು ಸಾಕುವವರ ಉಪಾಯ. ತಿನ್ನುವುದೂ ವಿಸರ್ಜಿಸುವುದೂ ಒಟ್ಟಿಗೇ ನಡೆಯುವ ಪ್ರಾಣಿ ಇದು. ನಮಗೆ ಮುಜುಗರ, ಅದಕ್ಕಿಲ್ಲ. ಊಟದಲ್ಲಿ ನೂರಕ್ಕೆ ಎಂಬತ್ತರಷ್ಟಾದರೂ ಹುಲ್ಲೇ ಇರಬೇಕು. ದೊಡ್ಡ ಕರುಳು ನುಂಗಿದ್ದನ್ನು ಎರಡು ಪಾಲು ಮಾಡುತ್ತದೆ. ಜೀರ್ಣವಾಗದ ಒರಟು ನಾರು ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ಸಣ್ಣ ಕಣಗಳು ಹಿಂದಕ್ಕೆ, ಅಂಧಾಂತ್ರವೆಂಬ ದೊಡ್ಡ ಚೀಲಕ್ಕೆ ಹೋಗಿ ಬ್ಯಾಕ್ಟೀರಿಯಾಗಳ ಕೈಯಲ್ಲಿ ಹುದುಗುತ್ತವೆ. ಅಲ್ಲಿಂದ ಮೆತ್ತಗಿನ, ಲೋಳೆ ಹೊದ್ದ ಇನ್ನೊಂದು ಬಗೆಯ ಹಿಕ್ಕೆ ಬರುತ್ತದೆ. ಪ್ರೋಟೀನು, ಬಿ ವಿಟಮಿನ್ನುಗಳೆಲ್ಲ ಇರುವುದು ಅದರಲ್ಲೇ. ಮೊಲ ಅದನ್ನು ನೆಲಕ್ಕೂ ಬೀಳಗೊಡದೆ ಗುದದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಶೆಡ್ಡಿನ ನೆಲದಲ್ಲಿ ಈ ಮೆತ್ತನೆಯ ಹಿಕ್ಕೆ ಬಿದ್ದಿರುವುದು ಕಂಡರೆ ಏನೋ ಎಡವಟ್ಟಾಗಿದೆ: ಕಾಳು ಜಾಸ್ತಿ ಹಾಕಿರಬೇಕು, ಇಲ್ಲವೇ ಹಲ್ಲು, ಬೊಜ್ಜು, ಸಂಧಿನೋವಿನಿಂದ ಅದಕ್ಕೆ ಬಗ್ಗಲಾಗುತ್ತಿಲ್ಲ. ಒಣ ಹಿಕ್ಕೆಯೇ ಕಾಣದಿದ್ದರೆ ಇನ್ನೂ ಗಂಭೀರ. ಮೊಲದ ಕರುಳು ನಿಂತರೆ ಅದೇ ದಿನ ವೈದ್ಯರ ಬಳಿ ಒಯ್ಯಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿಯಾದ್ದರಿಂದ ತಟ್ಟೆ ತೊಳೆಯುವ ಕೆಲಸವೇ ದಿನದ ತಪಾಸಣೆ.

ಜಾಲರಿಯ ವಿಚಾರದಲ್ಲಿ ಜಿಪುಣತನ ಬೇಡ. ಕೋಳಿಗೂಡಿಗೆ ಬಳಸುವ ತೆಳು ತಂತಿಬಲೆಯನ್ನು ನರಿ ಹಲ್ಲಿನಲ್ಲೇ ಹರಿದೀತು. ಲಂಡನ್ನಿನ ಬೀದಿಗಳಲ್ಲೂ ರಾತ್ರಿ ನರಿ ತಿರುಗುತ್ತದೆ. ಬೆಸುಗೆ ಹಾಕಿದ ದಪ್ಪ ತಂತಿಯ, ಅರ್ಧ ಅಂಗುಲ ಕಣ್ಣಿನ ಜಾಲರಿಯಾದರೆ ಹೆಗ್ಗಣವೂ ನುಸುಳದು. ಅದನ್ನೇ ಅಂಗಳದ ನೆಲದಡಿಗೂ ಹಾಸಬೇಕು, ಹೊರಗಿನವರು ಅಗೆದು ಬರದಂತೆ, ಒಳಗಿನವರು ಅಗೆದು ಹೋಗದಂತೆ. ಒಳಗೆ ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆ ಸಾಕು, ಆದರೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿನ ಪೆಟ್ಟಿಗೆ ಮೊಲದ ಮಟ್ಟಿಗೆ ಬೋನು. ಕಿಟಕಿ, ಗವಾಕ್ಷಿಗಳಿಗೆ ಸೊಳ್ಳೆ ಪರದೆಯೂ ಬೇಕು. 1953ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಡುಮೊಲಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚನ್ನು ಕೊಂದಿತು. ಅದನ್ನು ಹರಡುವುದು ಚಿಗಟ ಮತ್ತು ಸೊಳ್ಳೆ. ಪರದೆ ಇದ್ದರೂ ಅಲ್ಲಿ ಲಸಿಕೆ ತಪ್ಪಿಸುವಂತಿಲ್ಲ.

ಒಣಗಿದ ಹಾಸಿಗೆ, ಜೊತೆಗೊಂದು ಸಂಗಾತಿ ಇದ್ದರೆ ಬ್ರಿಟನ್ನಿನ ಚಳಿಯನ್ನು ಮೊಲ ತಾಳಿಕೊಳ್ಳುತ್ತದೆ. ಸೆಕೆಯನ್ನಲ್ಲ. ಅದು ಬೆವರುವುದಿಲ್ಲ, ನಾಯಿಯ ಹಾಗೆ ಏದುಸಿರಿನಿಂದ ತಣಿಯುವುದೂ ಅದಕ್ಕೆ ಬಾರದು. ಇರುವುದು ಕಿವಿ ಮಾತ್ರ. ಅಲ್ಲಿನ ರಕ್ತನಾಳಗಳು ಹಿಗ್ಗಿ ಶಾಖವನ್ನು ಗಾಳಿಗೆ ಬಿಡುತ್ತವೆ. ಸುತ್ತಲಿನ ಗಾಳಿಯೇ ಬಿಸಿಯಾದರೆ ಕಿವಿಯಿಂದ ಏನು ಪ್ರಯೋಜನ? 30 ಡಿಗ್ರಿ ಸಮೀಪಿಸುತ್ತಿದ್ದಂತೆ ಅಪಾಯ ಶುರು.

ಇದನ್ನು ನೆನೆದರೆ ನಮ್ಮೂರುಗಳ ತಾರಸಿಯ ಮೇಲೆ ತಗಡು ಹೊದಿಸಿದ ಗೂಡುಗಳಲ್ಲಿ ಬಿಳಿ ಮೊಲ ಸಾಕುವವರಿಗೆ ಏನು ಹೇಳಬೇಕೋ ತಿಳಿಯದು. ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ದಕ್ಷಿಣದಲ್ಲಿ ಮೊಲಗಳ ಕೆಲಸ ನಡೆಸುತ್ತಿರುವುದು ಕೊಡೈಕೆನಾಲ್ ಬೆಟ್ಟದ ತಂಪಿನ ಮನ್ನವನೂರಿನಲ್ಲಿ. ಏಪ್ರಿಲ್ಲಿನಲ್ಲಿ 40 ಡಿಗ್ರಿ ಮುಟ್ಟುವ ರಾಯಚೂರು, ಕಲಬುರಗಿಗಳಲ್ಲಿ ಶೆಡ್ಡಿನ ಆಸೆ ಬಿಟ್ಟು ಮನೆಯೊಳಗಿನ ತಂಪು ಕೋಣೆಯನ್ನೇ ಕೊಡುವುದು ಲೇಸು. ಮಲೆನಾಡಿನಲ್ಲಿ, ಮರದ ನೆರಳಿನಲ್ಲಿ ಹೆಂಚು ಹೊದಿಸಿದ ಕೊಟ್ಟಿಗೆಯ ಒಂದು ಪಾಲಾದರೆ ಆದೀತು, ಮಳೆಗಾಲದ ತೇವ ನೆಲಕ್ಕೆ ಏರದಿದ್ದರೆ. ಹುಲ್ಲಿಗೆ ಹೊರದೇಶದ ಪೊಟ್ಟಣವೇ ಆಗಬೇಕೆಂದಿಲ್ಲ, ಔಷಧಿ ಸಿಂಪಡಿಸದ ಬದುವಿನ ಗರಿಕೆಯನ್ನು ಬೂಸಲು ಹಿಡಿಯದಂತೆ ಒಣಗಿಸಿಕೊಂಡರಾಯಿತು. ಕುದುರೆ ಮಸಾಲೆ ಸೊಪ್ಪು ಮಾತ್ರ ಬೆಳೆದ ಮೊಲಕ್ಕೆ ದಿನವೂ ಬೇಡ: ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮೂತ್ರಕೋಶದಲ್ಲಿ ಗಸಿ ಕಟ್ಟುತ್ತದೆ.