ದಾದಿಯ ಗಡಿಯಾರವೂ ನಮ್ಮ ಆತುರವೂ

ನಮ್ಮ ಕರಾವಳಿಯ ಕಥೋಲಿಕ ಬಂಧುವರ್ಗಗಳಲ್ಲಿ ದಾದಿಯೊಬ್ಬರಿಲ್ಲದ ಕುಟುಂಬ ಅಪರೂಪವೆಂದೇ ಹೇಳಬೇಕು. ಒಬ್ಬ ಮಗಳು ಕುವೈತಿನಲ್ಲಿ, ಸೊಸೆ ಇಂಗ್ಲೆಂಡಿನಲ್ಲಿ, ಚಿಕ್ಕಮ್ಮ ಧರ್ಮಭಗಿನಿಯಾಗಿ ಉತ್ತರ ಭಾರತದ ಯಾವುದೋ ಹಳ್ಳಿಯ ದವಾಖಾನೆಯಲ್ಲಿ. ಫಾದರ್ ಆಗಸ್ಟಸ್ ಮುಲ್ಲರ್‌ರವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ನೀಡಲಾರಂಭಿಸಿದ ಕಾಲದಿಂದಲೂ ರೋಗಿಸೇವೆ ನಮ್ಮವರಿಗೆ ಪರಿಚಿತವಾದ ಹಾದಿ. ಪ್ರತಿವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್‌ರ ಜನ್ಮದಿನದ ನೆಪದಲ್ಲಿ, ಧರ್ಮಕೇಂದ್ರಗಳಲ್ಲಿ ದಾದಿಯರಿಗೆ ಹೂ ನೀಡಿ ಗೌರವಿಸುವುದೂ ಉಂಟು. ಆದರೆ ಅವರು ಮಾಡುವ ಕೆಲಸವೇನೆಂದು ಕೇಳಿದರೆ, "ಡಾಕ್ಟರು ಬರೆದ ಮದ್ದು ಕೊಡುವುದು" ಎಂದು ನಮ್ಮಲ್ಲಿ ಬಹುಮಂದಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನ ಆಸ್ಪತ್ರೆಯೊಂದರಲ್ಲಿ ನಮ್ಮ ಅತ್ತೆಯ ಹಾಸಿಗೆಯ ಪಕ್ಕದಲ್ಲಿ ಹತ್ತು ದಿನ ಕುಳಿತಿರುವ ಪ್ರಸಂಗ ಬರುವವರೆಗೆ ನಾವೂ ಹಾಗೆಯೇ ತಿಳಿದಿದ್ದೆವು.

ಅತ್ತೆಗೆ ಆಗ ಎಪ್ಪತ್ತನಾಲ್ಕು. ಹಳೆಯ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿನ ಬಳಿ ಆದ ಸಣ್ಣ ಗಾಯ ಕೀವುಗಟ್ಟಿ, ಜ್ವರವೇರಿ, ಮಂಚ ಹಿಡಿದಿದ್ದರು. ಆಸ್ಪತ್ರೆಗೆ ಸೇರಿಸಿದೊಡನೆ ದಾದಿ ಬಂದು ಮೊದಲು ಮಾಡಿದ ಕೆಲಸ, ಎರಡು ಕೈಗಳಿಂದ ರಕ್ತ ತೆಗೆದುದು. ಜ್ವರದಿಂದ ನಡುಗುತ್ತಿರುವ ವೃದ್ಧೆಗೆ ಮದ್ದು ಕೊಡುವ ಬದಲು ರಕ್ತ ಹೀರುತ್ತಾರಲ್ಲ ಎಂದು ನಾವು ಗೊಣಗಿದೆವು. ಆಂಟಿಬಯಾಟಿಕ್ ಒಮ್ಮೆ ರಕ್ತಕ್ಕೆ ಸೇರಿತೆಂದರೆ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವುದು ಕಷ್ಟವಾಗುತ್ತದೆ. ಆದುದರಿಂದ ಮೊದಲು ರಕ್ತ, ಬಳಿಕ ತಡಮಾಡದೆ ಮದ್ದು. ಈ ಕ್ರಮ ನಮಗೆ ಅರ್ಥವಾದುದು ಮೂರನೆಯ ದಿನ ಪರೀಕ್ಷೆಯ ವರದಿ ಬಂದಾಗ. ಸಾಮಾನ್ಯ ಔಷಧಗಳಿಗೆ ಬಗ್ಗದ ಸ್ಟೆಫೈಲೋಕಾಕಸ್ ರೋಗಾಣು ಅದಾಗಿತ್ತು. ವೈದ್ಯರು ಮದ್ದನ್ನು ಬದಲಿಸಿ ವ್ಯಾಂಕೋಮೈಸಿನ್ ಬರೆದರು.

ಈ ವ್ಯಾಂಕೋಮೈಸಿನ್‌ನ ಹುಟ್ಟು ನಮ್ಮ ಓದುಗರಿಗೆ ರುಚಿಸಬಹುದು. 1952ರಲ್ಲಿ ಬೋರ್ನಿಯೋ ದ್ವೀಪದ ಕಾಡಿನಲ್ಲಿದ್ದ ಮಿಷನರಿಯೊಬ್ಬರು ಅಲ್ಲಿನ ಮಣ್ಣನ್ನು ಅಮೆರಿಕದ ಎಲೈ ಲಿಲ್ಲಿ ಕಂಪನಿಯಲ್ಲಿದ್ದ ವಿಜ್ಞಾನಿ ಸ್ನೇಹಿತರಿಗೆ ಕಳುಹಿಸಿಕೊಟ್ಟರು. ಆ ಮಣ್ಣಿನ ಸೂಕ್ಷ್ಮಾಣುವಿನಿಂದ ದೊರೆತ ಮದ್ದು 1958ರಲ್ಲಿ ಬಳಕೆಗೆ ಬಂತು. ಮೊದಮೊದಲು ಅದರ ಬಣ್ಣ ಕೆಸರಿನಂತಿದ್ದುದರಿಂದ ಅದನ್ನು ಮಿಸಿಸಿಪ್ಪಿ ನದಿಯ ಕೆಸರೆಂದೇ ಹಾಸ್ಯ ಮಾಡುತ್ತಿದ್ದರಂತೆ. ಇಂದಿನ ಮದ್ದು ಶುದ್ಧವಾದದ್ದು, ಆದರೆ ಒಂದು ಹಟವನ್ನು ಅದು ಬಿಟ್ಟಿಲ್ಲ: ಅವಸರದಲ್ಲಿ ನರಕ್ಕೆ ಹರಿಸಿದರೆ ಅದು ಸಹಿಸದು. ಒಂದು ಗ್ರಾಂ ಮದ್ದಿಗೆ ಕನಿಷ್ಠ ನೂರು ನಿಮಿಷ ಬೇಕು; ನಿಮಿಷಕ್ಕೆ 10 ಮಿಲಿಗ್ರಾಂ ಮೀರದಂತೆ ಕೊಡುವುದು ರೂಢಿ.

ಆ ವಾರ್ಡಿನಲ್ಲಿ ಹನಿಗಳ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಯಂತ್ರವಿರಲಿಲ್ಲ. ಇಪ್ಪತ್ತೈದರ ಆಸುಪಾಸಿನ ದಾದಿಯೊಬ್ಬಳು ಮದ್ದನ್ನು 200 ಮಿಲಿಲೀಟರ್ ಸಲೈನ್‌ನಲ್ಲಿ ಬೆರೆಸಿ ತಂದು, ಎದೆಗೆ ಸಿಕ್ಕಿಸಿದ ಗಡಿಯಾರವನ್ನು ನೋಡುತ್ತ ಹನಿಗಳನ್ನು ಎಣಿಸಿದಳು. ನಿಮಿಷಕ್ಕೆ 40 ಹನಿ. 20 ಹನಿಗೆ ಒಂದು ಮಿಲಿಲೀಟರ್ ಬೀಳುವ ಕೊಳವೆಯಲ್ಲಿ ಅದು ನೂರು ನಿಮಿಷದ ಲೆಕ್ಕ. "ಅಂಕಲ್, ಇದು ನಿಧಾನಕ್ಕೇ ಹೋಗಬೇಕು. ಮುಟ್ಟಬೇಡಿ" ಎಂದು ಹೇಳಿ ಮುಂದಿನ ಹಾಸಿಗೆಗೆ ನಡೆದಳು.

ನಾವು ಮುಟ್ಟಿದೆವು. ಹನ್ನೆರಡು ಗಂಟೆಗೆ ಊರಿನಿಂದ ಬಂಧುಗಳು ಬರುವವರಿದ್ದರು. ಅಷ್ಟರೊಳಗೆ ಅತ್ತೆಗೆ ಮೈ ಒರೆಸಿ, ಗಂಜಿ ಕುಡಿಸಿ, ಒಗೆದ ಸೀರೆ ಉಡಿಸಬೇಕೆಂಬ ಅವಸರ. ಸಲೈನ್ ಹಾಕುವಾಗ ಕೊಳವೆಯ ಚಿಕ್ಕ ಚಕ್ರವನ್ನು ದಾದಿಯರು ತಿರುಗಿಸುವುದನ್ನು ನೋಡಿ ಕಲಿತಿದ್ದೆವಲ್ಲ! ಅದನ್ನು ಸ್ವಲ್ಪ ಮೇಲಕ್ಕೆ ಸರಿಸಿದೆವು. ಹನಿಗಳು ದಾರವಾಗಿ ಇಳಿಯತೊಡಗಿದವು. ಹತ್ತು ನಿಮಿಷ ಕಳೆಯಿತೋ ಇಲ್ಲವೋ, ಅತ್ತೆ ಕುತ್ತಿಗೆ ಕೆರೆಯತೊಡಗಿದರು. ನೋಡನೋಡುತ್ತಿದ್ದಂತೆ ಮುಖ, ಕುತ್ತಿಗೆ, ಎದೆಯ ಮೇಲ್ಭಾಗ ಕೆಂಡದಂತಾದವು. "ತಲೆ ತಿರುಗುತ್ತದೆ ಮಗಾ" ಎಂದರು.

ದಾದಿ ಓಡಿಬಂದವಳೇ ಮೊದಲು ಕೊಳವೆಯನ್ನು ಮುಚ್ಚಿದಳು. ರಕ್ತದೊತ್ತಡ ನೋಡಿದಳು, ಇಳಿದಿತ್ತು. ಉಸಿರಾಟ ಆಲಿಸಿದಳು, ನಾಲಿಗೆ ತುಟಿ ಊದಿವೆಯೇ ಎಂದು ಪರೀಕ್ಷಿಸಿದಳು, ವೈದ್ಯರನ್ನು ಕರೆಸಿದಳು. ಎಲ್ಲವೂ ಎರಡು ಮೂರು ನಿಮಿಷಗಳಲ್ಲಿ. ಆ ಬಳಿಕ ಬಾಟಲಿಯನ್ನು ನೋಡಿ, ನಮ್ಮತ್ತ ತಿರುಗಿ, ಸ್ವರವೇರಿಸದೆ ಕೇಳಿದಳು: "ಯಾರಾದರೂ ಇದನ್ನು ಮುಟ್ಟಿದಿರಾ ಅಂಕಲ್?"

ಪಾಪನಿವೇದನೆಯ ಪೀಠದ ಬಳಿಯೂ ನಮಗೆ ಅಷ್ಟು ಕಷ್ಟವಾದದ್ದು ನೆನಪಿಲ್ಲ. ಇಲ್ಲವೆನ್ನಲು ನಾಲಿಗೆ ಸಿದ್ಧವಾಗಿಯೇ ಇತ್ತು. ಆದರೆ ಮಂಚದ ಮೇಲಿದ್ದ ಅತ್ತೆ ನಮ್ಮನ್ನೇ ನೋಡುತ್ತಿದ್ದರು. ಒಪ್ಪಿಕೊಂಡೆವು.

ಗದರಿಕೆಯನ್ನು ನಿರೀಕ್ಷಿಸಿದ್ದ ನಮಗೆ ವೈದ್ಯರಿಂದ ಬಂದದ್ದು ಒಂದು ನಿಟ್ಟುಸಿರು. ಅದು ಸಮಾಧಾನದ ನಿಟ್ಟುಸಿರೆಂದು ಬಳಿಕ ತಿಳಿಯಿತು. ಈ ಮದ್ದು ವೇಗವಾಗಿ ಒಳಹೊಕ್ಕಾಗ ಶರೀರದಲ್ಲಿ ಹಿಸ್ಟಮಿನ್ ಎಂಬ ವಸ್ತು ಒಮ್ಮೆಲೇ ಬಿಡುಗಡೆಯಾಗಿ ಹೀಗೆ ಕೆಂಪೇರುತ್ತದೆ, ತುರಿಸುತ್ತದೆ, ಕೆಲವೊಮ್ಮೆ ರಕ್ತದೊತ್ತಡ ಕುಸಿಯುತ್ತದೆ. ಇದು ಸಾಮಾನ್ಯವಾಗಿ ವೇಗದ ಫಲವೇ ಹೊರತು ನಿಜವಾದ ಅಲರ್ಜಿಯಲ್ಲ. ನಿಲ್ಲಿಸಿ, ತುರಿಕೆಗೆ ಮದ್ದು ನೀಡಿ, ಇನ್ನೂ ನಿಧಾನವಾಗಿ ಮತ್ತೆ ಆರಂಭಿಸಬಹುದು. ಆದರೆ ನಾವು ಬಾಯಿ ಮುಚ್ಚಿಕೊಂಡಿದ್ದರೆ? ನಿಮಿಷಕ್ಕೆ 40 ಹನಿಯಂತೆ ಕೊಟ್ಟರೂ ಹೀಗಾಯಿತೆಂದು ವೈದ್ಯರು ನಂಬುತ್ತಿದ್ದರು. ಕೇಸ್ ಶೀಟಿನ ನೆತ್ತಿಯಲ್ಲಿ ಕೆಂಪು ಶಾಯಿಯಲ್ಲಿ 'ವ್ಯಾಂಕೋಮೈಸಿನ್ ಅಲರ್ಜಿ' ಎಂದು ಬರೆಯಲ್ಪಡುತ್ತಿತ್ತು. ಆ ರೋಗಾಣುವಿಗೆ ವೈದ್ಯರು ಆಯ್ದ ಮದ್ದು ಆ ದಿನಕ್ಕೂ ಮುಂದಿನ ಬಾಳಿಗೂ ಅತ್ತೆಯ ಕೈತಪ್ಪುತ್ತಿತ್ತು. ನಮ್ಮ ಮಾನ ಉಳಿಸುವ ಒಂದು ಸುಳ್ಳಿಗೆ ಆಕೆ ಕಾಲನ್ನೇ ತೆರಬೇಕಾಗಿ ಬರಬಹುದಿತ್ತು.

ಒಂದು ಗಂಟೆಯ ಬಳಿಕ, ನಿಮಿಷಕ್ಕೆ 20 ಹನಿಯಂತೆ, ಅದೇ ದಾದಿ ಅದೇ ಬಾಟಲಿಯನ್ನು ಮತ್ತೆ ಆರಂಭಿಸಿದಳು. ಮೊದಲ ಕಾಲು ಗಂಟೆ ಹಾಸಿಗೆಯ ಬಳಿಯಿಂದ ಕದಲಲಿಲ್ಲ.

ಅಂದಿನಿಂದ ನಾವು ಆಕೆಯ ಕೆಲಸವನ್ನು ಗಮನಿಸತೊಡಗಿದೆವು. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು ಎಂಬ ಐದು ಮಾತುಗಳನ್ನು ದಾದಿಯರಿಗೆ ಶಾಲೆಯಲ್ಲೇ ಕಂಠಪಾಠ ಮಾಡಿಸುತ್ತಾರೆ. ನಾಲ್ಕು ದಿನಗಳಿಂದ ಪರಿಚಯವಿದ್ದರೂ ಪ್ರತಿ ಸಲವೂ "ಅಮ್ಮಾ, ನಿಮ್ಮ ಹೆಸರು ಹೇಳಿ" ಎಂದು ಕೇಳುತ್ತಿದ್ದುದು ಮರೆವಿನಿಂದಲ್ಲ. ಪಕ್ಕದ ಹಾಸಿಗೆಯಲ್ಲಿದ್ದವರ ಹೆಸರೂ ಅದೇ ಸಂತರದು. ನಮ್ಮ ಸಮುದಾಯದಲ್ಲಿ ಹೆಸರುಗಳು ಹೀಗೆ ಪುನರಾವರ್ತನೆಯಾಗುವುದು ಎಲ್ಲರಿಗೂ ತಿಳಿದದ್ದೇ. ಎದುರಿನ ಹಾಸಿಗೆಯ ಯುವಕನಿಗೆ ಅಮಿಕಾಸಿನ್ ನಡೆಯುತ್ತಿತ್ತು. ಆತನ ಮೂತ್ರವನ್ನು ಅಳೆಯುವುದು, "ಕಿವಿಯಲ್ಲಿ ಗುಂಯ್‌ಗುಡುತ್ತದೆಯೇ? ನಡೆಯುವಾಗ ಓಲಾಡುತ್ತದೆಯೇ?" ಎಂದು ವಿಚಾರಿಸುವುದು ಆಕೆಯ ದಿನಚರಿ. ಆ ವರ್ಗದ ಮದ್ದುಗಳು ಮೂತ್ರಪಿಂಡವನ್ನೂ ಒಳಗಿವಿಯನ್ನೂ ಘಾಸಿಗೊಳಿಸಬಲ್ಲವು. ಕಿವಿಗಾದ ಹಾನಿ ಮರಳಿ ಸರಿಹೋಗದಿರಬಹುದು. ರಕ್ತದಲ್ಲಿ ಮದ್ದು ಎಷ್ಟು ಉಳಿದಿದೆಯೆಂದು ತಿಳಿಯಲು ಮುಂದಿನ ಡೋಸ್‌ಗೆ ತುಸು ಮೊದಲು ರಕ್ತ ತೆಗೆಯುತ್ತಾರೆ. ಮದ್ದು ಕೊಟ್ಟ ಹೊತ್ತನ್ನೋ ರಕ್ತ ತೆಗೆದ ಹೊತ್ತನ್ನೋ ದಾದಿ ಅಂದಾಜಿನಲ್ಲಿ ಬರೆದಳೆಂದರೆ, ಆ ಅಂಕಿಯನ್ನು ನಂಬಿ ವೈದ್ಯರು ನಿಗದಿಮಾಡುವ ಪ್ರಮಾಣವೂ ತಪ್ಪುತ್ತದೆ.

ಆಕೆ ಮದ್ದು ಬೆರೆಸುತ್ತಿದ್ದಾಗ ಮಾತನಾಡಿಸುತ್ತಿದ್ದವರ ಲೆಕ್ಕವನ್ನು ಒಂದು ಮುಂಜಾನೆ ಕುತೂಹಲಕ್ಕೆಂದು ಇಟ್ಟೆವು. ಬಿಲ್ಲಿನ ಬಗ್ಗೆ ಒಬ್ಬರು, ಫ್ಯಾನಿನ ಬಗ್ಗೆ ಒಬ್ಬರು, ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆಂದು ಮೂವರು. ಸಿಡ್ನಿಯ ಎರಡು ಆಸ್ಪತ್ರೆಗಳ ದಾದಿಯರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಔಷಧ ಕೊಡುವಾಗ ಅಡಚಣೆ ಹೆಚ್ಚಿದಷ್ಟೂ ತಪ್ಪುಗಳು ಹೆಚ್ಚುವುದನ್ನು ತೋರಿಸಿತು. ಆ ತಪ್ಪುಗಳಲ್ಲಿ ಕೆಲವು ಸರಿಪಡಿಸಲಾಗದವು. ಪೊಟ್ಯಾಸಿಯಂ ಕ್ಲೋರೈಡಿನ ಪುಟ್ಟ ಸೀಸೆ ನೋಡಲು ಶುದ್ಧನೀರಿನ ಸೀಸೆಯಂತೆಯೇ ಇರಬಹುದು. ಬೇರೆ ದ್ರವದಲ್ಲಿ ತೆಳುಗೊಳಿಸದೆ ನೇರ ನರಕ್ಕೆ ಚುಚ್ಚಿದರೆ ಹೃದಯ ನಿಂತುಹೋಗಬಹುದು. ಅದನ್ನು ವಾರ್ಡಿನ ಕಪಾಟಿನಲ್ಲಿ ಇತರ ಮದ್ದುಗಳೊಡನೆ ಇಡಬಾರದೆಂಬ ನಿಯಮ ಹುಟ್ಟಿದ್ದು ಅನೇಕ ಸಾವುಗಳ ಬಳಿಕ.

ತಪ್ಪಾದಾಗ ಒಪ್ಪಿಕೊಂಡ ದಾದಿಗೆ ಏನಾಗುತ್ತದೆ ಎಂಬುದು ಕೂಡ ನಾವು ಯೋಚಿಸಬೇಕಾದ ವಿಷಯ. ಅಮೆರಿಕದ ಟೆನ್ನೆಸೀ ರಾಜ್ಯದಲ್ಲಿ 2017ರಲ್ಲಿ ದಾದಿಯೊಬ್ಬರು ಶಮನಕಾರಿ ಮದ್ದಿನ ಬದಲು ಸ್ನಾಯುಗಳನ್ನು ಸ್ತಬ್ಧಗೊಳಿಸುವ ಮದ್ದನ್ನು ಕೊಟ್ಟು ರೋಗಿ ತೀರಿಕೊಂಡರು. ಇಬ್ಬರೂ ಔಷಧಗಳ ಹೆಸರು ಆರಂಭವಾಗುವುದು ಒಂದೇ ಎರಡು ಅಕ್ಷರಗಳಿಂದ. ತಪ್ಪನ್ನು ಆಕೆಯೇ ಒಪ್ಪಿಕೊಂಡಿದ್ದರು. 2022ರಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದು ಘೋಷಿಸಿ ಮೂರು ವರ್ಷಗಳ ಪರಿವೀಕ್ಷಣೆಯ ಶಿಕ್ಷೆ ವಿಧಿಸಿತು. ಮಡಿದವರ ಕುಟುಂಬದ ನೋವು ಸಣ್ಣದಲ್ಲ, ಎಚ್ಚರಿಕೆಗಳನ್ನು ಕಡೆಗಣಿಸಿದ್ದೂ ಸುಳ್ಳಲ್ಲ. ಆದರೂ ಅಂದು ಲೋಕದ ಅನೇಕ ದಾದಿಯರು ಭಯಪಟ್ಟರು: ಇನ್ನು ತಪ್ಪನ್ನು ಬಾಯಿಬಿಟ್ಟು ಹೇಳುವವರಾರು? ಹೊರದೇಶಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳೂ ಆ ಭಯಕ್ಕೆ ಹೊರತಲ್ಲ. ಬಚ್ಚಿಟ್ಟ ತಪ್ಪಿಗೆ ಚಿಕಿತ್ಸೆ ಸಿಗುವುದಿಲ್ಲವೆಂಬುದನ್ನು ಅತ್ತೆಯ ಮಂಚದ ಬಳಿ ಕಂಡ ನಮಗೆ, ಮರೆಮಾಚದೆ ಹೇಳಿದವರನ್ನು ಮೊದಲು ಆಲಿಸುವ ಆಸ್ಪತ್ರೆಯೇ ಹೆಚ್ಚು ಸುರಕ್ಷಿತವೆಂದು ತೋರುತ್ತದೆ.

ಅಲರ್ಜಿಯ ವಿಚಾರಕ್ಕೆ ಮರಳೋಣ. ಏಕೆಂದರೆ ಅದು ಮನೆಯವರ ಕೈಯಲ್ಲಿರುವ ಮಾಹಿತಿ. "ಸಣ್ಣವಳಿದ್ದಾಗ ಏನೋ ಇಂಜೆಕ್ಷನ್ ಆಗಿಬರಲಿಲ್ಲ" ಎಂಬ ಮಾತು ದಾದಿಗೆ ಅರ್ಧ ಮಾತ್ರ ಉಪಯೋಗಿ. ಯಾವ ಮದ್ದು, ಎಷ್ಟು ಹೊತ್ತಿನಲ್ಲಿ ಏನಾಯಿತು, ಬರಿಯ ವಾಂತಿಯೋ, ಮೈಯೆಲ್ಲ ದದ್ದೋ, ಉಸಿರು ಕಟ್ಟಿತೋ ಎಂಬುದು ಬೇಕು. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿಯೆಂದು ಬರೆದಿರುತ್ತದೆ. ತಜ್ಞರು ಪರೀಕ್ಷಿಸಿದಾಗ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಅದು ಇರುವುದಿಲ್ಲ. ಹಾಗೆಂದು ಆ ಬರಹವನ್ನು ನಾವೇ ಅಳಿಸುವಂತಿಲ್ಲ. ನಿಜವಾದ ಅಲರ್ಜಿ ಇರುವವರಿಗೆ ನಿಮಿಷಗಳಲ್ಲಿ ಗಂಟಲು ಊದಿ ಪ್ರಾಣಕ್ಕೆ ಸಂಚಕಾರ ಬರಬಹುದು. ಆಗ ತೊಡೆಯ ಸ್ನಾಯುವಿಗೆ ತಕ್ಷಣ ಕೊಡುವ ಅಡ್ರಿನಲಿನ್ನೇ ಆಸರೆ. ಟೆಸ್ಟ್ ಡೋಸ್‌ನಲ್ಲಿ ಏನೂ ಆಗಲಿಲ್ಲವೆಂದ ಮಾತ್ರಕ್ಕೆ ಅಪಾಯ ಪೂರ್ಣವಾಗಿ ಕಳೆಯಿತೆಂದೂ ಅಲ್ಲ. ಹೊಸ ಆಂಟಿಬಯಾಟಿಕ್ ಚುಚ್ಚಿದ ಬಳಿಕ "ಅರ್ಧ ಗಂಟೆ ಇಲ್ಲೇ ಕೂತಿರಿ" ಎಂದು ದಾದಿ ಹೇಳಿದರೆ, ಬಸ್ಸು ತಪ್ಪುತ್ತದೆಂದು ಎದ್ದು ಹೊರಡುವವರನ್ನು ನಾವು ಬಲ್ಲೆವು.

ಮನೆಗೆ ಬಂದ ಮೇಲೆ ಗಡಿಯಾರ ನಮ್ಮ ಕೈಗೆ ಬರುತ್ತದೆ. ಅತ್ತೆಯ ಇನ್ಸುಲಿನ್ ಬುಡ್ಡಿ ಮಿಲಿಲೀಟರಿಗೆ 40 ಯೂನಿಟ್‌ನದು. ಮೆಡಿಕಲ್ ಶಾಪಿನಿಂದ ಹುಡುಗ ತಂದ ಸಿರಿಂಜ್ 100ರದು, ಕಿತ್ತಳೆ ಮುಚ್ಚಳದ್ದು. ಕೆಂಪು ಮುಚ್ಚಳದ 40ರ ಸಿರಿಂಜ್ ಬೇಕಿತ್ತು. ಗೆರೆಗಳನ್ನು ನಂಬಿ 20 ಎಳೆದಿದ್ದರೆ ಸಿಗುತ್ತಿದ್ದುದು ಕೇವಲ 8 ಯೂನಿಟ್. 100ರ ಬುಡ್ಡಿಗೆ 40ರ ಸಿರಿಂಜ್ ಬಳಸಿದ್ದರೆ ಎರಡೂವರೆ ಪಟ್ಟು ಹೆಚ್ಚು ಸೇರಿ, ಆಕೆ ನಿದ್ದೆಯಲ್ಲೇ ಪ್ರಜ್ಞೆ ತಪ್ಪುವ ಅಪಾಯ. ಮಳೆಗಾಲದಲ್ಲಿ ಇಲಿಜ್ವರಕ್ಕೆ ಬರೆಯುವ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡೀತು; ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಕುಳಿತಿರಬೇಕು. ಕಪಾಟಿನಲ್ಲಿ ಉಳಿದಿರುವ, ಗಲ್ಫಿನಿಂದ ಬಂದ ಬಂಧುಗಳು ಬಿಟ್ಟುಹೋದ ಆಂಟಿಬಯಾಟಿಕ್ ಪಟ್ಟಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅತ್ತೆಯ ಗಾಯಕ್ಕೆ ಮೊದಲ ವಾರ ನಾವು ಕೊಟ್ಟಿದ್ದುದು ಅವನ್ನೇ.

ಬಿಡುಗಡೆಯ ದಿನ ಆ ದಾದಿ ಡಿಸ್ಚಾರ್ಜ್ ಕಾಗದದ ಕೊನೆಯ ಸಾಲನ್ನು ನಮಗೆ ಓದಿ ತೋರಿಸಿದಳು: ವ್ಯಾಂಕೋಮೈಸಿನ್ ವೇಗವಾಗಿ ಹರಿದಾಗ ತುರಿಕೆ ಮತ್ತು ಕೆಂಪು, ಅಲರ್ಜಿಯಲ್ಲ, ಎರಡು ಗಂಟೆಗಿಂತ ಬೇಗ ಕೊಡಬಾರದು. ಎರಡು ವರ್ಷಗಳ ಬಳಿಕ ಇನ್ನೊಂದು ಕಾಲಿಗೆ ಸೋಂಕು ತಗಲಿ, ಬೇರೊಂದು ಆಸ್ಪತ್ರೆಯಲ್ಲಿ ಅದೇ ಮದ್ದಿನ ಅಗತ್ಯ ಬಿತ್ತು. ಅಲ್ಲಿನ ದಾದಿ ಆ ಕಾಗದವನ್ನು ಎರಡು ಸಲ ಓದಿ, ಗಡಿಯಾರ ನೋಡುತ್ತ ಹನಿಗಳನ್ನು ಎಣಿಸತೊಡಗಿದಳು. ಅತ್ತೆ ನಮ್ಮ ಕಡೆ ಬೆರಳು ತೋರಿಸಿ, "ಇವನನ್ನು ಸ್ವಲ್ಪ ದೂರ ಕೂರಿಸಮ್ಮ" ಎಂದರು.