ಮಕ್ಕಳಿಗೆ ಚೇಳು ಕುಟುಕಿದಾಗ ತಡಮಾಡಬೇಡಿ



ಸೌದೆ ಒಟ್ಟಿಲು, ಬೆರಣಿ ರಾಶಿ, ಹಳೆಯ ಹಂಚು, ಬದುವಿನ ಕಲ್ಲು ಇವೆಲ್ಲ ಚೇಳಿಗೆ ಮನೆ. ದೊಡ್ಡವರಿಗೆ ಕುಟುಕಿದರೆ ಎಷ್ಟೋ ಸಲ ಒಂದು ರಾತ್ರಿಯ ಉರಿಯಲ್ಲಿ ಮುಗಿಯುತ್ತದೆ. ಅಷ್ಟೇ ವಿಷ ಹತ್ತು ಕಿಲೋ ತೂಕದ ಮಗುವಿನ ಮೈಗೆ ಸೇರಿದರೆ ಪ್ರಾಣಕ್ಕೇ ಅಪಾಯ.

ಕರಿ ಚೇಳು, ಕೆಂಪು ಚೇಳು

ದಪ್ಪ ಇಕ್ಕಳದ ದೊಡ್ಡ ಕರಿ ಚೇಳು ನೋಡಲು ಭಯಂಕರ. ಅದರ ನೋವು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಮಂತ್ರಕ್ಕೆ ವಿಷ ಇಳಿಯಿತೆಂಬ ನಂಬಿಕೆಗೆ ಇದೂ ಒಂದು ಕಾರಣ. ಎರಡು-ಮೂರು ಅಂಗುಲದ, ಸಣ್ಣ ಇಕ್ಕಳದ ಕೆಂಪು ಚೇಳೇ ಹೆಚ್ಚು ಅಪಾಯಕಾರಿ. ಆದರೆ ಚೇಳನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ಬಣ್ಣ ಯಾವುದೇ ಇರಲಿ, ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಅಪಾಯದ ಚಿಹ್ನೆಗಳು

ನೋವನ್ನಷ್ಟೇ ನೋಡಿ ಮೋಸಹೋಗಬೇಡಿ. ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಶಿಶ್ನ ನಿಮಿರುವುದು, ಇವು ವಿಷ ಮೈಗೇರಿದ ಗುರುತು. ವಿಷದಿಂದ ರಕ್ತನಾಳಗಳು ಬಿಗಿಯುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಮ್ಮು, ಏದುಸಿರು ಆರಂಭವಾದರೆ ಒಂದೊಂದು ನಿಮಿಷವೂ ಅಮೂಲ್ಯ.

ಮಾಡಬೇಕಾದ್ದು

1. ಕುಟುಕಿದ ಜಾಗವನ್ನು ಸಾಬೂನು ನೀರಿನಿಂದ ತೊಳೆದು ತಣ್ಣೀರು ಬಟ್ಟೆ ಇಡಿ. ಬಳೆ, ಉಡಿದಾರ, ಕಾಲ್ಗಡಗ ಬಿಗಿಯಾಗಿದ್ದರೆ ತೆಗೆಯಿರಿ.
2. ಮಗುವನ್ನು ನಡೆಸದೆ ಮಲಗಿಸಿಯೇ ಒಯ್ಯಿರಿ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ.
3. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ. ಕುಟುಕಿದ ಹೊತ್ತು ನೆನಪಿಟ್ಟು ವೈದ್ಯರಿಗೆ ಹೇಳಿ.

ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಸುಡುವುದು, ಸೊಪ್ಪಿನ ರಸ ಕುಡಿಸುವುದು ಬೇಡ.

ಔಷಧಿ ಉಂಟು

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಕೆಂಪು ಚೇಳಿನ ವಿಷವನ್ನು ದಶಕಗಳ ಕಾಲ ಅಭ್ಯಸಿಸಿದರು. ರಕ್ತದೊತ್ತಡಕ್ಕೆ ಬಳಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಬಿಗಿದ ರಕ್ತನಾಳಗಳನ್ನು ಸಡಿಲಿಸಿ ಜೀವ ಉಳಿಸುತ್ತದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಪ್ರಾಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗ ಎಂಬುದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿಯಿತು.

ಆದರೆ ಈ ಮಾತ್ರೆಯನ್ನು ನೀವೇ ಕೊಡಕೂಡದು. ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರೇ ಅಳೆದು ಕೊಡಬೇಕು. ಮಾತ್ರೆ ನುಂಗಿದ ಮಗುವನ್ನು ತಟ್ಟನೆ ಎತ್ತಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದೀತು. ಮಗು ಗೆಲುವಾಗಿ ಕಂಡರೂ ವೈದ್ಯರು ಹೇಳುವ ತನಕ ಮನೆಗೆ ಕರೆದೊಯ್ಯಬೇಡಿ.

ಮುನ್ನೆಚ್ಚರಿಕೆ

ಕಣದಲ್ಲಿ ಶೇಂಗಾ ಬಳ್ಳಿ, ಜೋಳದ ದಂಟಿನ ರಾಶಿಯ ಬಳಿ ಮಕ್ಕಳನ್ನು ಮಲಗಿಸಬೇಡಿ. ಸೌದೆ, ಬೆರಣಿ ತರಲು ಕತ್ತಲಲ್ಲಿ ಅವರನ್ನು ಕಳಿಸಬೇಡಿ. ಹಾಸಿಗೆ, ಬಟ್ಟೆ, ಚಪ್ಪಲಿ ಕೊಡವಿ ಬಳಸಿ. ಮಂಚವನ್ನು ಗೋಡೆಯಿಂದ ದೂರ ಹಾಕಿ, ಗೋಡೆಯ ಬಿರುಕು ಮುಚ್ಚಿಸಿ.

ಬಿತ್ತನೆಗೆ ಮುಂಚೆ ಸೊಸೈಟಿಗೆ ಹೋಗಿ ಬೀಜ, ಗೊಬ್ಬರ ಬಂದಿದೆಯೇ ಎಂದು ವಿಚಾರಿಸುತ್ತೀರಿ. ಹಾಗೆಯೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರಾಜೋಸಿನ್ ಇದೆಯೇ, ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ ಎಂಬುದನ್ನು ಈ ವಾರವೇ ಕೇಳಿ ತಿಳಿದುಕೊಳ್ಳಿ.