ಎದುರಾಳಿಯ ಮಾತನ್ನೂ ಉಳಿಸಿದ ಭಾಷ್ಯಕಾರ

ಮಳೆಗಾಲದಲ್ಲಿ ಸೂರಿನಿಂದ ಸುರಿಯುವ ನೀರನ್ನು ಗಮನಿಸಿ. ಮೇಲೆ, ಹೆಂಚಿನ ಅಂಚಿನಲ್ಲಿ ಅದು ಒಂದೇ ಧಾರೆ. ಅಂಗಳ ಮುಟ್ಟುವಷ್ಟರಲ್ಲಿ ತುಂಡುತುಂಡಾಗಿ ಹನಿಯಾಗಿರುತ್ತದೆ. ಕೆಳಗಿಳಿದಂತೆಲ್ಲ ನೀರಿನ ವೇಗ ಹೆಚ್ಚದಿದ್ದರೆ ಧಾರೆ ಹೀಗೆ ಕಡಿಯುತ್ತಿರಲಿಲ್ಲ ಎಂದು ವಾದಿಸಿದವನು ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಚಿಂತಕ ಸ್ಟ್ರೇಟೊ. ಬೆರಳಗಲ ಎತ್ತರದಿಂದ ಬಿಟ್ಟ ಕಲ್ಲಿನ ಪೆಟ್ಟಿಗಿಂತ ಬಹಳ ಮೇಲಿನಿಂದ ಬಿಟ್ಟ ಅದೇ ಕಲ್ಲಿನ ಪೆಟ್ಟು ಜೋರು ಎಂಬುದು ಆತನ ಇನ್ನೊಂದು ಸಾಕ್ಷ್ಯ. (ಧಾರೆ ಹನಿಯಾಗುವುದರಲ್ಲಿ ಮೇಲ್ಮೈ ಎಳೆತದ ಪಾತ್ರವೂ ಇದೆ. ಆದರೂ ವೇಗದ ಬಗೆಗಿನ ತೀರ್ಮಾನ ಸರಿಯಾದುದೇ.)

ಚಲನೆಯನ್ನು ಕುರಿತ ಸ್ಟ್ರೇಟೊನ ಪುಸ್ತಕ ಇಂದು ಇಲ್ಲ. ಸುಮಾರು 800 ವರ್ಷಗಳ ನಂತರ ಸಿಂಪ್ಲಿಸಿಯಸ್ ಎಂಬ ಭಾಷ್ಯಕಾರ ಈ ಮಾತುಗಳನ್ನು ತನ್ನ ಗ್ರಂಥದಲ್ಲಿ ಎತ್ತಿ ಬರೆದದ್ದರಿಂದಷ್ಟೇ ಅವು ಉಳಿದಿವೆ.

ಸಿಂಪ್ಲಿಸಿಯಸ್ ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಸಿಲೀಸಿಯದವನು. ಅಲೆಕ್ಸಾಂಡ್ರಿಯದಲ್ಲಿ ಅಮೋನಿಯಸ್, ಅಥೆನ್ಸಿನಲ್ಲಿ ಡಮಾಸ್ಕಿಯಸ್ ಅವನ ಗುರುಗಳು. ಕ್ರಿ.ಶ. 529ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ತ್ವಶಾಸ್ತ್ರದ ಬೋಧನೆಯನ್ನು ನಿಷೇಧಿಸಿದ. ಹಳೆಯ ಧರ್ಮವನ್ನು ಬಿಡದ ಏಳು ಮಂದಿ ಪಂಡಿತರು ಪರ್ಷಿಯದ ದೊರೆ ಖುಸ್ರೋನ ಆಸ್ಥಾನಕ್ಕೆ ಹೋದರೆಂದು ಅದೇ ಶತಮಾನದ ಇತಿಹಾಸಕಾರ ಅಗಾಥಿಯಸ್ ಬರೆದಿದ್ದಾನೆ. ಆ ಏಳು ಮಂದಿಯಲ್ಲಿ ಸಿಂಪ್ಲಿಸಿಯಸ್ ಒಬ್ಬ. ಅಲ್ಲಿ ಅವರಿಗೆ ನಿರಾಶೆಯೇ ಆಯಿತು. ಆದರೆ ಖುಸ್ರೋ ದೊಡ್ಡ ಉಪಕಾರವೊಂದನ್ನು ಮಾಡಿದ. 532ರ ಶಾಂತಿ ಒಪ್ಪಂದದಲ್ಲಿ, ಈ ಪಂಡಿತರು ಸ್ವದೇಶಕ್ಕೆ ಮರಳಿ ತಮ್ಮ ನಂಬಿಕೆಯಂತೆ ನಿರ್ಭಯವಾಗಿ ಬಾಳಲು ಬಿಡಬೇಕೆಂಬ ಕರಾರನ್ನು ಸೇರಿಸಿದ.

ಅರಿಸ್ಟಾಟಲನ ‘ಭೌತಶಾಸ್ತ್ರ’ ಮತ್ತು ‘ಆಕಾಶವನ್ನು ಕುರಿತು’ ಗ್ರಂಥಗಳಿಗೆ ಸಿಂಪ್ಲಿಸಿಯಸ್ ಬರೆದ ಭಾಷ್ಯಗಳು ಪ್ರಸಿದ್ಧ. ಬೋಧಿಸಲು ಶಾಲೆ ಉಳಿದಿರಲಿಲ್ಲ, ಓದುಗರಿಗಾಗಿ ಬರೆದ. ಪಾರ್ಮೆನಿಡೀಸನ ಕಾವ್ಯದ ಸಾಲುಗಳನ್ನು ಉದ್ದಕ್ಕೂ ಉದ್ಧರಿಸುವಾಗ ಅದಕ್ಕೆ ಕಾರಣವನ್ನೂ ಕೊಡುತ್ತಾನೆ: ಆ ಪುಸ್ತಕ ಈಗ ಅಪರೂಪವಾಗಿದೆ. ಪಾರ್ಮೆನಿಡೀಸ್ ಅವನಿಗೆ ಸುಮಾರು ಸಾವಿರ ವರ್ಷ ಹಿಂದಿನವನು! ಎಂಪೆಡೋಕ್ಲೀಸ್, ಅನಾಕ್ಸಾಗೊರಸರ ಎಷ್ಟೋ ಮಾತುಗಳು ಹೀಗೆಯೇ ಉಳಿದವು. ಅನಾಕ್ಸಿಮ್ಯಾಂಡರನದೆಂದು ಇಂದು ಸಿಗುವುದು ಒಂದೇ ವಾಕ್ಯ, ಅದೂ ಇಲ್ಲಿಯೇ.

ಇನ್ನೂ ಸ್ವಾರಸ್ಯವಾದದ್ದು ಅವನ ಜಗಳ. ಅಮೋನಿಯಸ್‌ನ ಇನ್ನೊಬ್ಬ ಶಿಷ್ಯ ಫಿಲೊಪೊನಸ್ ಕ್ರೈಸ್ತ. ಆಕಾಶಕಾಯಗಳು ಅಳಿವಿಲ್ಲದ ಐದನೆಯ ದ್ರವ್ಯದಿಂದಾದವು ಎಂಬ ಅರಿಸ್ಟಾಟಲನ ಮತವನ್ನು ಅವನು ಖಂಡಿಸಿದ. ಬೇರೆ ಬೇರೆ ತೂಕದ ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ ನೆಲ ಮುಟ್ಟುವ ಕಾಲದಲ್ಲಿ ವ್ಯತ್ಯಾಸ ತೀರ ಅಲ್ಪವೆಂದೂ ಬರೆದ. ಸಿಂಪ್ಲಿಸಿಯಸ್ ಕೆರಳಿದ. ಫಿಲೊಪೊನಸ್‌ನ ವಾದಗಳನ್ನು ಪುರಾಣದ ಆಜಿಯಸ್ ದೊರೆಯ ಕೊಟ್ಟಿಗೆಯ ಸಗಣಿಗೆ ಹೋಲಿಸಿದ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಆಕಾಶದ ವಿಷಯದಲ್ಲಿ ಗೆದ್ದವನು ಫಿಲೊಪೊನಸ್. ಆದರೆ ಬೈಯುವ ಮೊದಲು ಸಿಂಪ್ಲಿಸಿಯಸ್ ಎದುರಾಳಿಯ ಮಾತನ್ನು ಬರೆದುಕೊಂಡ. ಫಿಲೊಪೊನಸ್ ಅರಿಸ್ಟಾಟಲನ ವಿರುದ್ಧ ಬರೆದ ಆ ಗ್ರಂಥ ಕಳೆದುಹೋಗಿ, ಅದರ ಬಹುಭಾಗ ನಮಗೆ ತಿಳಿಯುವುದು ಈ ಖಂಡನೆಯಿಂದಲೇ. ನಮ್ಮಲ್ಲಿಯೂ ಚಾರ್ವಾಕರ ಮಾತು ಹೆಚ್ಚಾಗಿ ಉಳಿದದ್ದು ವಿರೋಧಿಗಳ ಪೂರ್ವಪಕ್ಷದಲ್ಲಿ ತಾನೆ?

ಪಾಪ, ಅವನ ಹೆಸರಿಗೆ ಮಾತ್ರ ಒಳ್ಳೆಯದಾಗಲಿಲ್ಲ. ಗೆಲಿಲಿಯೊ 1632ರಲ್ಲಿ ಪ್ರಕಟಿಸಿದ ‘ಸಂವಾದ’ದಲ್ಲಿ ಅರಿಸ್ಟಾಟಲನ ಪರ ವಾದಿಸಿ ಸೋಲುವ ಪಾತ್ರದ ಹೆಸರು ಸಿಂಪ್ಲೀಚಿಯೊ. ಭಾಷ್ಯಕಾರನ ಹೆಸರನ್ನೇ ಇಟ್ಟಿದ್ದೇನೆ ಎಂದು ಗೆಲಿಲಿಯೊ ಮುನ್ನುಡಿಯಲ್ಲಿ ಹೇಳಿಕೊಂಡರೂ, ಇಟಲಿಯವರ ಕಿವಿಗೆ ಅದು ‘ಪೆದ್ದ’ ಎಂದೂ ಕೇಳಿಸುತ್ತಿತ್ತು. ಪೋಪರ ವಾದವನ್ನೂ ಅದೇ ಪಾತ್ರದ ಬಾಯಲ್ಲಿ ಹಾಕಿದ. 1633ರಲ್ಲಿ ಗೆಲಿಲಿಯೊನ ವಿಚಾರಣೆ ನಡೆಯಿತು.

ಜರ್ಮನಿಯ ವಿದ್ವಾಂಸ ಹರ್ಮನ್ ಡೀಲ್ಸ್ ‘ಭೌತಶಾಸ್ತ್ರ’ದ ಭಾಷ್ಯವನ್ನು 1882 ಮತ್ತು 1895ರಲ್ಲಿ ಎರಡು ಸಂಪುಟಗಳಾಗಿ ಸಂಪಾದಿಸಿದ. ಒಟ್ಟು 1300ಕ್ಕೂ ಹೆಚ್ಚು ಪುಟ. ಸಂಶೋಧಕರು ಇಂದಿಗೂ ಆ ಪುಟಸಂಖ್ಯೆಗಳನ್ನೇ ಬಳಸುತ್ತಾರೆ. ಅನಾಕ್ಸಿಮ್ಯಾಂಡರನ ಆ ಒಂದು ವಾಕ್ಯ 24ನೆಯ ಪುಟದಲ್ಲಿದೆ. ಸೂರಿನಿಂದ ಬೀಳುವ ನೀರು 916ರಲ್ಲಿ.